ತೆರಿಗೆ ಕಟ್ಟಿದವರಿಗಷ್ಟೇ ವೋಟು ಅಂದರೆ ಏನಾಗುತ್ತದೆ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಹಿಂದಿನ ಸಂಚಿಕೆಯಲ್ಲಿ ಬಳ್ಳಾರಿಯ ಓದುಗರೊಬ್ಬರ ಒಂದೇ ಸಾಲಿನ ಪತ್ರ ಹಾಕಿದ್ದೆವು: "ಆದಾಯ ತೆರಿಗೆ ಕಟ್ಟುವವರಿಗೆ ಮಾತ್ರ ಮತದಾನದ ಹಕ್ಕು ಇರಬೇಕು." ಅದಕ್ಕೆ ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆಯಿಂದ ಪತ್ರ ಬಂದಿವೆ. ಬೈದವರೂ ಇದ್ದಾರೆ, ಭೇಷ್ ಅಂದವರೂ ಇದ್ದಾರೆ. ಕೆಲವನ್ನು ಆರಿಸಿ ಇಲ್ಲಿ ಉತ್ತರ ಬರೆದಿದ್ದೇನೆ. ನನಗೆ ಆ ಮಾತು ಸ್ವಲ್ಪವೂ ಒಪ್ಪಿಗೆಯಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಅದರ ಹಿಂದಿರುವ ಸಿಟ್ಟು ಸುಳ್ಳಲ್ಲ. ಹಾಗಾಗಿ ಸುಮ್ನೆ ತಳ್ಳಿಹಾಕದೆ ಬಿಡಿಸಿ ನೋಡೋಣ.

ಪ್ರಶ್ನೆ: ಸರ್, ಆ ಪತ್ರ ಬರೆದವನು ನಾನೇ. ಖಾಸಗಿ ಕಂಪನಿಯಲ್ಲಿ ಅಕೌಂಟ್ಸ್ ಕೆಲಸ. ಪ್ರತಿ ತಿಂಗಳು ಪಗಾರ ಕೈಗೆ ಬರುವ ಮುಂಚೆಯೇ ಆದಾಯ ತೆರಿಗೆ (ಟಿಡಿಎಸ್) ಕಟ್ ಆಗುತ್ತೆ. ನಮ್ಮ ಓಣಿಯ ರಸ್ತೆ ನೋಡಿದರೆ ಅಳು ಬರುತ್ತೆ. ಚುನಾವಣೆ ಬಂದಾಗ ಒಂದು ರೂಪಾಯಿ ತೆರಿಗೆ ಕಟ್ಟದವರು ಪಾಳಿಯಲ್ಲಿ ನಿಂತು, ಯಾರು ಜಾಸ್ತಿ ಪುಕ್ಕಟೆ ಕೊಡ್ತಾರೋ ಅವರಿಗೆ ಹಾಕ್ತಾರೆ. ರೊಕ್ಕ ನನ್ನದು, ತೀರ್ಮಾನ ಅವರದು. ಇದು ನ್ಯಾಯವೇ?
– ಓದುಗರು, ಬಳ್ಳಾರಿ

ಉತ್ತರ: ದುಡಿದ ರೊಕ್ಕ ಕೈಗೆ ಬರುವ ಮೊದಲೇ ಕಡಿತವಾಗಿ, ಮನೆ ಮುಂದಿನ ಗುಂಡಿ ಮಾತ್ರ ಹಾಗೇ ಉಳಿದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ "ಒಂದು ರೂಪಾಯಿ ತೆರಿಗೆ ಕಟ್ಟದವರು" ಅಂದಿರಲ್ಲ, ಅಂಥವರು ನಿಮ್ಮ ಓಣಿಯಲ್ಲಿ ಒಬ್ಬರೂ ಇಲ್ಲ.

ರಾಯಚೂರಿನ ರಾಜೇಂದ್ರ ಗಂಜ್‌ನಲ್ಲಿ ಚೀಲ ಹೊರುವ ಒಬ್ಬ ಹಮಾಲನ ಲೆಕ್ಕ ತೆಗೆಯೋಣ. ಫೋನಿಗೆ 299 ರೂಪಾಯಿ ರೀಚಾರ್ಜ್ ಹಾಕಿಸುತ್ತಾನೆ. ಅದರೊಳಗೆ ಶೇ 18 ಜಿಎಸ್‌ಟಿ ಸೇರಿರುತ್ತದೆ, ಅಂದರೆ 45 ರೂಪಾಯಿ 61 ಪೈಸೆ. ಚಹಾಪುಡಿ, ಸಕ್ಕರೆ, ಅಡುಗೆ ಎಣ್ಣೆಗೆ ಶೇ 5. ಮಕ್ಕಳ ಬಿಸ್ಕತ್ತು, ಮೈಸೋಪು, ಟೂತ್‌ಪೇಸ್ಟಿಗೆ 2025ರ ಸೆಪ್ಟೆಂಬರ್ 22ರ ತನಕ ಶೇ 18 ಇತ್ತು, ಆಮೇಲೆ ಶೇ 5ಕ್ಕೆ ಇಳಿಯಿತು. ಒಂದು ರೂಮು ಕಟ್ಟಿಸಲು ಸಿಮೆಂಟ್ ತಂದಿದ್ದರೆ ಅದಕ್ಕೆ ಶೇ 28 ಕೊಟ್ಟಿರುತ್ತಾನೆ, ಈಗ ತಂದರೆ ಶೇ 18. ಬೈಕಿನ ಪೆಟ್ರೋಲ್ ಜಿಎಸ್‌ಟಿಯಲ್ಲೇ ಇಲ್ಲ. ಅದಕ್ಕೆ ಕೇಂದ್ರದ ಸುಂಕ ಬೇರೆ, ರಾಜ್ಯದ ಮಾರಾಟ ತೆರಿಗೆ ಬೇರೆ. 2024ರ ಜೂನ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ ಏರಿಸಿತಲ್ಲ, ಆ ಏರಿಕೆಯನ್ನು ನಿಮ್ಮ ಕಾರಿಗೆ ಎಷ್ಟು ದರದಲ್ಲಿ ಹಾಕಿದರೋ ಅವನ ಬೈಕಿಗೂ ಅಷ್ಟೇ ದರದಲ್ಲಿ ಹಾಕಿದರು.

ಒಂದೇ ಅಂಗಡಿಯಲ್ಲಿ ನೀವೂ ಅವನೂ ಒಂದೇ ಸೋಪು ಕೊಂಡರೆ ಇಬ್ಬರಿಂದಲೂ ಹೋಗುವ ತೆರಿಗೆ ಒಂದೇ. ಅವನ ದುಡಿಮೆಗೆ ಹೋಲಿಸಿದರೆ ಅದು ದೊಡ್ಡ ಪಾಲು, ನಿಮ್ಮ ಪಗಾರಕ್ಕೆ ಸಣ್ಣ ಪಾಲು. ಅವನ ಹತ್ತಿರ ಫಾರ್ಮ್ 16 (ಪಗಾರದಲ್ಲಿ ತೆರಿಗೆ ಕಡಿತವಾಗಿದ್ದಕ್ಕೆ ಕಂಪನಿ ಕೊಡುವ ಪತ್ರ) ಇಲ್ಲ, ರಿಟರ್ನ್ ಸಲ್ಲಿಸುವುದಿಲ್ಲ, ಕಟ್ಟಿದ್ದಕ್ಕೆ ಯಾವ ದಾಖಲೆಯೂ ಇರುವುದಿಲ್ಲ. ಹಾಗಂತ ಕಟ್ಟಿಲ್ಲ ಅನ್ನೋಕಾಗುತ್ತಾ?

ಇನ್ನು "ರೊಕ್ಕ ನನ್ನದು" ಅನ್ನುವ ಮಾತು. ಕೇಂದ್ರದ 2025-26ರ ಬಜೆಟ್ ಲೆಕ್ಕದಲ್ಲಿ, ಖಜಾನೆಗೆ ಬರುವ ಪ್ರತಿ ರೂಪಾಯಿಯಲ್ಲಿ ಆದಾಯ ತೆರಿಗೆಯ ಪಾಲು 22 ಪೈಸೆ. ಕಂಪನಿಗಳ ತೆರಿಗೆ 17, ಜಿಎಸ್‌ಟಿ ಮತ್ತಿತರ ತೆರಿಗೆ 18, ಅಬಕಾರಿ ಸುಂಕ 5, ಕಸ್ಟಮ್ಸ್ 4. ಸಾಲ ಎಷ್ಟು ಗೊತ್ತಾ? 24 ಪೈಸೆ. ಆದಾಯ ತೆರಿಗೆಗಿಂತ ಸಾಲವೇ ಜಾಸ್ತಿ. ಆ ಸಾಲ ತೀರಿಸಬೇಕಾದವರಲ್ಲಿ ಇವತ್ತು ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಉಣ್ಣುತ್ತಿರುವ ಮಕ್ಕಳೂ ಸೇರಿದ್ದಾರೆ. ಹಾಗಿದ್ದಾಗ ಖರ್ಚಿನ ತೀರ್ಮಾನ ಆದಾಯ ತೆರಿಗೆಯವರಿಗೆ ಮಾತ್ರ ಸೇರಿದ್ದು ಅನ್ನುವುದು ಲೆಕ್ಕದಲ್ಲೇ ನಿಲ್ಲುವುದಿಲ್ಲ.

ಈಗ ನನಗೆ ನಿಜವಾಗಿ ಭಯ ಹುಟ್ಟಿಸುವ ಸಂಗತಿಗೆ ಬರುತ್ತೇನೆ. ನೀವು ಅಕೌಂಟ್ಸ್‌ನವರು, ಸ್ವಲ್ಪ ಗಮನವಿಟ್ಟು ನೋಡಿ. 2022-23ರಲ್ಲಿ ಸುಮಾರು 7.40 ಕೋಟಿ ಜನ ರಿಟರ್ನ್ ಸಲ್ಲಿಸಿದರು. ಅದರಲ್ಲಿ ಸುಮಾರು 5.16 ಕೋಟಿ ಜನರ ತೆರಿಗೆ ಸೊನ್ನೆ. ಇದು ಸರ್ಕಾರವೇ ಲೋಕಸಭೆಯಲ್ಲಿ ಕೊಟ್ಟ ಉತ್ತರ. ಆಮೇಲೆ 2025ರ ಬಜೆಟ್ ಬಂತು. ಹೊಸ ಪದ್ಧತಿಯಲ್ಲಿ ವರ್ಷಕ್ಕೆ 12 ಲಕ್ಷದ ತನಕ ತೆರಿಗೆ ಇಲ್ಲ ಅಂದರು, ಪಗಾರದವರಿಗೆ 12.75 ಲಕ್ಷದ ತನಕ. ನೀವು ಹೇಳುವ ನಿಯಮ ಜಾರಿಯಲ್ಲಿದ್ದಿದ್ದರೆ ಆವತ್ತೇ ಎಷ್ಟೋ ಬ್ಯಾಂಕ್ ನೌಕರರು, ಮೇಷ್ಟ್ರುಗಳು, ಎಂಜಿನಿಯರುಗಳು ಮತದಾರರ ಪಟ್ಟಿಯಿಂದ ಹೊರಗೆ ಬೀಳುತ್ತಿದ್ದರು. ನೀವೇ ಒಳಗೆ ಉಳಿಯುತ್ತಿದ್ದಿರಾ, ನಿಮ್ಮ ಫಾರ್ಮ್ 16 ತೆಗೆದು ನೋಡಿಕೊಳ್ಳಿ. 2024ರ ಲೋಕಸಭೆ ಚುನಾವಣೆಯಲ್ಲಿ ಮತದಾರರ ಪಟ್ಟಿಯಲ್ಲಿ ಸುಮಾರು 97 ಕೋಟಿ ಜನ ಇದ್ದರು. ಅಷ್ಟು ಜನರ ದೇಶವನ್ನು ಎರಡೋ ಮೂರೋ ಕೋಟಿ ಜನ ಆಳಬೇಕಾ?

ತೆರಿಗೆ ಯಾರ ಮೇಲೆ ಹಾಕಬೇಕು ಅಂತ ತೀರ್ಮಾನಿಸುವುದು ಸರ್ಕಾರ. ವೋಟು ತೆರಿಗೆಗೆ ಕಟ್ಟುಬಿದ್ದರೆ, ತನ್ನನ್ನು ಆರಿಸುವವರು ಯಾರಿರಬೇಕು ಅಂತಲೂ ಅದೇ ಸರ್ಕಾರ ತೀರ್ಮಾನಿಸಿದಂತಾಯಿತು. ತನಗೆ ವಿರುದ್ಧ ಇರುವ ಗುಂಪಿಗೆ ಬಜೆಟ್‌ನಲ್ಲಿ ತೆರಿಗೆ ವಿನಾಯಿತಿ ಕೊಟ್ಟರೆ ಸಾಕು, ಅವರ ವೋಟು ಹೋಯಿತು. ಆಗ ವಿನಾಯಿತಿ ಅನ್ನುವುದೇ ಶಿಕ್ಷೆಯಾಗುತ್ತದೆ, ಜನ ನಮ್ಮ ಮೇಲೆ ತೆರಿಗೆ ಹಾಕಿ ಅಂತ ಬೇಡಿಕೊಳ್ಳಬೇಕಾಗುತ್ತದೆ. ಈ ಒಂದು ಕಾರಣ ಸಾಕು ನನಗೆ, ಉಳಿದದ್ದೆಲ್ಲ ಆಮೇಲೆ.

ಪುಕ್ಕಟೆ ಯೋಜನೆ ಬೇಕಾ ಬೇಡವಾ ಅನ್ನುವುದು ಬೇರೆ ಚರ್ಚೆ. ಬೇಡ ಅನ್ನಿಸಿದರೆ ಬೇಡ ಅನ್ನುವವರಿಗೆ ವೋಟು ಹಾಕಿ, ನಾಲ್ಕು ಜನರಿಗೆ ಹೇಳಿ, ಪತ್ರಿಕೆಗೆ ಬರೆಯಿರಿ. ಆದಾಯ ತೆರಿಗೆ ಕಟ್ಟುವ ಮನೆಗೆ ಗೃಹಲಕ್ಷ್ಮಿಯ 2,000 ರೂಪಾಯಿ ಸಿಗುವುದಿಲ್ಲ ಅನ್ನುವ ಬೇಸರ ನಿಮಗಿದ್ದರೆ ಅದೂ ಅಲ್ಲಿ ಬರಲಿ. ಆದರೆ ಎದುರಿನವನ ವೋಟು ಕಿತ್ತುಕೊಂಡು ಗೆಲ್ಲುವುದು ಚರ್ಚೆ ಅಲ್ಲ.

ಪ್ರಶ್ನೆ: ನನ್ನದು ತುಂಗಭದ್ರಾ ಎಡದಂಡೆ ಕಾಲುವೆ ಕೆಳಗೆ ನೀರಾವರಿ ಹೊಲ, ಭತ್ತ ಬೆಳೀತೀನಿ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ. ಹಾಗಾದರೆ ಆ ಬಳ್ಳಾರಿಯವರ ಲೆಕ್ಕದಲ್ಲಿ ನನಗೆ ವೋಟು ಇಲ್ವಾ? ನನ್ನ ಅಕ್ಕಿ ಉಣ್ಣೋಕೆ ಬೇಕು, ನನ್ನ ವೋಟು ಬೇಡ್ವಾ?
– ರೈತರು, ಸಿಂಧನೂರು

ಉತ್ತರ: ಅವರ ಲೆಕ್ಕದಲ್ಲಿ ಇಲ್ಲ. ಐದು ಎಕರೆಯವರಿಗೂ ಇಲ್ಲ, ನೂರು ಎಕರೆಯವರಿಗೂ ಇಲ್ಲ. ಆದಾಯ ತೆರಿಗೆ ಕಾನೂನಿನಲ್ಲಿ ಕೃಷಿ ಆದಾಯಕ್ಕೆ ವಿನಾಯಿತಿ ಇರುವುದರಿಂದ ಸಿಂಧನೂರು, ಗಂಗಾವತಿ, ಕಾರಟಗಿ, ಸಿರುಗುಪ್ಪ ಕಡೆಯ ಹಳ್ಳಿಗೆ ಹಳ್ಳಿಯೇ ಪಟ್ಟಿಯಿಂದ ಖಾಲಿ. ಗೊಬ್ಬರಕ್ಕೆ, ಕೀಟನಾಶಕಕ್ಕೆ, ಟ್ರ್ಯಾಕ್ಟರಿಗೆ, ಡೀಸೆಲಿಗೆ ನೀವು ತೆರಿಗೆ ಕೊಟ್ಟೇ ಕೊಟ್ಟಿರುತ್ತೀರಿ, ಅದು ಅವರ ಲೆಕ್ಕಕ್ಕೆ ಬರುವುದಿಲ್ಲ.

ನಿಮ್ಮ ಅಕ್ಕಿಯ ವಿಷಯವನ್ನೇ ನೋಡಿ. 2022ರ ಜುಲೈ 18ರಿಂದ 25 ಕೆ.ಜಿ. ತನಕದ, ಲೇಬಲ್ ಹಚ್ಚಿದ ಅಕ್ಕಿ ಪ್ಯಾಕೆಟ್ಟಿಗೆ ಶೇ 5 ಜಿಎಸ್‌ಟಿ ಬಂತು. ಅದಾದ ಮೇಲೆ ಅಂಗಡಿಗಳಲ್ಲಿ 26 ಕೆ.ಜಿ. ಚೀಲ ಕಾಣಿಸಿಕೊಂಡವು. 25 ದಾಟಿದರೆ ತೆರಿಗೆ ಇಲ್ಲ. ತಿಂಗಳ ಪಗಾರದವರು ಒಮ್ಮೆಗೇ 26 ಕೆ.ಜಿ. ಚೀಲ ಇಳಿಸಿಕೊಳ್ಳುತ್ತಾರೆ. ವಾರದ ಬಟವಾಡೆ ಬಂದಾಗ ಐದು ಕೆ.ಜಿ. ಪ್ಯಾಕೆಟ್ ಒಯ್ಯುವವರು ತೆರಿಗೆ ಕೊಟ್ಟು ಒಯ್ಯುತ್ತಾರೆ. ಯಾರು ಎಷ್ಟು ತೆರಿಗೆ ಕೊಟ್ಟರು ಅಂತ ತಕ್ಕಡಿ ಹಿಡಿದು ಕೂತರೆ ಬರುವ ಉತ್ತರ ಆ ಪತ್ರ ಬರೆದವರು ಅಂದುಕೊಂಡಂತೆ ಇರುವುದಿಲ್ಲ.

ಇನ್ನೊಂದು ಮಾತು, ನೀವು ಕೇಳದಿದ್ದರೂ ಹೇಳುತ್ತೇನೆ. ನಿಮ್ಮ ಗದ್ದೆಯಲ್ಲಿ ನಾಟಿ ಹಚ್ಚುವ ಹೆಣ್ಣುಮಕ್ಕಳಿಗೆ ಹೊಲವೂ ಇಲ್ಲ, ಪಗಾರವೂ ಇಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ನಿಮಗೆಷ್ಟು ನಿದ್ದೆ ಬರಲಿಲ್ಲವೋ ಅವರಿಗೂ ಅಷ್ಟೇ ಬರಲಿಲ್ಲ. ಎರಡನೇ ಬೆಳೆಗೆ ನೀರಿಲ್ಲ ಅಂದರೆ ನಿಮಗೆ ನಷ್ಟ, ಅವರಿಗೆ ಗುಳೆ. ಅಣೆಕಟ್ಟಿನ ನಿರ್ವಹಣೆ ಯಾರದು, ಕಾಲುವೆಗೆ ನೀರು ಯಾವಾಗ, ಕೊನೆಭಾಗಕ್ಕೆ ಎಷ್ಟು, ಇವೆಲ್ಲ ಸರ್ಕಾರದ ತೀರ್ಮಾನಗಳು. ಆ ತೀರ್ಮಾನದಿಂದ ಊರನ್ನೇ ಬಿಡಬೇಕಾಗಿ ಬರುವವರಿಗೆ ಅದರಲ್ಲಿ ಮಾತಿರಬಾರದು ಅಂದರೆ ಹೇಗೆ?

ಪ್ರಶ್ನೆ: ನಮ್ಮ ಸಹಕಾರ ಸಂಘದಲ್ಲಿ ಸಾಲ ಕಟ್ಟದ ಸುಸ್ತಿದಾರರಿಗೆ ಚುನಾವಣೆಯಲ್ಲಿ ವೋಟು ಇಲ್ಲ. ಯಾರೂ ತಕರಾರು ಮಾಡಲ್ಲ. ಸಂಘಕ್ಕೊಂದು ನ್ಯಾಯ, ದೇಶಕ್ಕೊಂದು ನ್ಯಾಯವೇ?
– ಸಂಘದ ಮಾಜಿ ನಿರ್ದೇಶಕರು, ಲಿಂಗಸೂಗೂರು

ಉತ್ತರ: ಬಂದ ಪತ್ರಗಳಲ್ಲಿ ಇದು ಗಟ್ಟಿಯಾದ ಪ್ರಶ್ನೆ. ಆದರೆ ಸಂಘಕ್ಕೆ ನೀವು ಅರ್ಜಿ ಹಾಕಿ, ಷೇರು ಹಣ ಕಟ್ಟಿ ಸೇರಿದ್ದೀರಿ. ಸರಿ ಬರಲಿಲ್ಲ ಅಂದರೆ ಬಾಕಿ ತೀರಿಸಿ ಹೊರಗೆ ಬರಬಹುದು. ದೇಶಕ್ಕೆ ಯಾರೂ ಅರ್ಜಿ ಹಾಕಿ ಹುಟ್ಟುವುದಿಲ್ಲ. ಸಂಘದ ನಿರ್ಣಯ ನಿಮ್ಮ ಸಾಲ, ಬಡ್ಡಿ, ಗೊಬ್ಬರದ ಚೀಲಕ್ಕೆ ಸಂಬಂಧಿಸಿದ್ದು. ವಿಧಾನಸಭೆಯ ಕಾನೂನು ನಿಮ್ಮ ಹೊಲ, ಮದುವೆ, ಪೊಲೀಸ್ ಠಾಣೆ, ಆಸ್ಪತ್ರೆ, ಮಗಳ ಶಾಲೆ ಎಲ್ಲವನ್ನೂ ಮುಟ್ಟುತ್ತದೆ, ನೀವು ತೆರಿಗೆ ಕಟ್ಟಿದರೂ ಕಟ್ಟದಿದ್ದರೂ. ಕಾನೂನು ಪಾಲಿಸುವುದರಿಂದ ಯಾರಿಗೂ ವಿನಾಯಿತಿ ಇಲ್ಲ. ಹಾಗಿದ್ದ ಮೇಲೆ ಅದನ್ನು ಮಾಡುವವರನ್ನು ಆರಿಸುವುದರಿಂದಲೂ ಯಾರನ್ನೂ ಹೊರಗಿಡಬಾರದು.

ಸುಸ್ತಿದಾರ ಅಂದರೆ ಕಟ್ಟಬೇಕಾದ್ದನ್ನು ಕಟ್ಟದವನು. ಕೂಲಿಯವನು ಆದಾಯ ತೆರಿಗೆಯ ಸುಸ್ತಿದಾರ ಅಲ್ಲ, ಅವನ ದುಡಿಮೆಗೆ ಕಾನೂನೇ ತೆರಿಗೆ ಹಾಕಿಲ್ಲ. ಇಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಬೇಡಿ. ತೆರಿಗೆ ತಪ್ಪಿಸುವ ಶ್ರೀಮಂತನಿಗೆ ದಂಡ ಇದೆ, ಜೈಲು ಇದೆ, ಅದನ್ನು ಬಿಗಿ ಮಾಡಲಿ ಅಂದರೆ ನಾನೂ ನಿಮ್ಮ ಜೊತೆ ನಿಲ್ಲುತ್ತೇನೆ.

ಮಾಜಿ ನಿರ್ದೇಶಕರಾದ ನಿಮಗೆ ಇದೂ ಗೊತ್ತಿರುತ್ತದೆ: ಸಂಘದಲ್ಲಿ ನೂರು ಷೇರು ಇದ್ದವನಿಗೂ ಒಂದೇ ವೋಟು, ಒಂದು ಷೇರಿನವನಿಗೂ ಒಂದೇ ವೋಟು. ಸಹಕಾರದ ಜೀವಾಳವೇ ಅದು.

ಪ್ರಶ್ನೆ: ಎರಡು ಸಲಹೆ ಇದೆ. ಒಂದು, ಎಲ್ಲರಿಗೂ ವೋಟು ಇರಲಿ, ಆದರೆ ಜಾಸ್ತಿ ತೆರಿಗೆ ಕಟ್ಟುವವರಿಗೆ ಎರಡೋ ಮೂರೋ ವೋಟು ಕೊಡಿ. ಇಲ್ಲದಿದ್ದರೆ ವರ್ಷಕ್ಕೆ ಬರೀ 100 ರೂಪಾಯಿ ಶುಲ್ಕ ಇಡಿ, ಕಟ್ಟಿದವರು ಹಾಕಲಿ, ಆಸಕ್ತಿ ಇಲ್ಲದವರು ಮನೆಯಲ್ಲಿರಲಿ. ಹೇಗೂ ಪದವೀಧರ ಕ್ಷೇತ್ರದಲ್ಲಿ ಓದಿದವರಿಗೆ ಮಾತ್ರ ವೋಟು ಇದೆಯಲ್ಲ.
– ಉಪನ್ಯಾಸಕರು, ರಾಯಚೂರು

ಉತ್ತರ: ಎರಡನ್ನೂ ಬೇರೆ ದೇಶಗಳು ಮಾಡಿ ನೋಡಿವೆ.

ಜರ್ಮನಿಯ ಪ್ರಷ್ಯಾದಲ್ಲಿ 1849ರಿಂದ 1918ರ ತನಕ ಮತದಾರರನ್ನು ತೆರಿಗೆಯ ಪ್ರಕಾರ ಮೂರು ದರ್ಜೆ ಮಾಡಿದ್ದರು. ಒಟ್ಟು ತೆರಿಗೆಯನ್ನು ಮೂರು ಸಮಪಾಲು ಮಾಡಿ, ಮೊದಲ ಪಾಲು ಕಟ್ಟುವ ಕೆಲವೇ ಕೆಲವರು ಒಂದನೇ ದರ್ಜೆ, ಮಿಕ್ಕ ಜನಸಾಗರವೆಲ್ಲ ಮೂರನೇ ದರ್ಜೆ. ಮೂರೂ ದರ್ಜೆಗೆ ಸಮನಾದ ಬಲ. ಎಸ್ಸೆನ್ ನಗರದಲ್ಲಿ ಉಕ್ಕಿನ ಕಾರ್ಖಾನೆಯ ಮಾಲೀಕ ಕ್ರುಪ್ ಒಬ್ಬರೇ ಒಂದನೇ ದರ್ಜೆಯ ಮತದಾರರಾಗಿದ್ದ ಕಾಲವೂ ಇತ್ತು. ನಗರಸಭೆಯ ಮೂರನೇ ಒಂದು ಪಾಲು ಸದಸ್ಯರನ್ನು ಒಬ್ಬ ಮನುಷ್ಯ ಆರಿಸುತ್ತಿದ್ದ. ಇದನ್ನು ಗಣಿಯೂ ಉಕ್ಕೂ ಇರುವ ನಮ್ಮ ಬಳ್ಳಾರಿ ಜಿಲ್ಲೆಗೆ ತಂದು ಹಾಕಿ ನೋಡಿ. ಸಂಡೂರಿನ ಗುಡ್ಡ ಅಗೆಯಬೇಕಾ ಬೇಡವಾ ಅನ್ನುವ ತೀರ್ಮಾನ ಯಾರ ಕೈಗೆ ಹೋಗುತ್ತಿತ್ತು? ಗುಡ್ಡದ ಕೆಳಗೆ ಕೆಂಪು ದೂಳು ಕುಡಿದು ಬದುಕುವವರ ಕೈಗಂತೂ ಅಲ್ಲ.

ಶುಲ್ಕದ ಮಾತು. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ವೋಟು ಹಾಕಲು ತಲೆಗಂದಾಯ ಕಟ್ಟಬೇಕಿತ್ತು. ವರ್ಜಿನಿಯಾದಲ್ಲಿ ವರ್ಷಕ್ಕೆ ಬರೀ ಒಂದೂವರೆ ಡಾಲರ್. ಆದರೆ ಹಿಂದಿನ ಮೂರು ವರ್ಷದ್ದೂ ಕಟ್ಟಿರಬೇಕು, ಅದೂ ಚುನಾವಣೆಗೆ ಆರು ತಿಂಗಳು ಮುಂಚೆ. ಕಪ್ಪು ಜನರನ್ನು ದೂರ ಇಡಲು ಮಾಡಿದ ಉಪಾಯ ಅದು, ಬಡ ಬಿಳಿಯರೂ ಅದರಲ್ಲಿ ಸಿಕ್ಕಿಬಿದ್ದರು. 1964ರಲ್ಲಿ ಸಂವಿಧಾನದ 24ನೇ ತಿದ್ದುಪಡಿ ಬಂದು ರಾಷ್ಟ್ರಮಟ್ಟದ ಚುನಾವಣೆಗಳಲ್ಲಿ ಅದು ನಿಂತಿತು. 1966ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ರಾಜ್ಯಗಳ ಚುನಾವಣೆಗೂ ಅದು ಕೂಡದು ಅಂದಿತು. ನಮ್ಮಲ್ಲಿ 100 ರೂಪಾಯಿ ಅಂದರೆ ಏನಾಗುತ್ತದೆ ಅಂತ ನಿಮಗೇ ಗೊತ್ತು. ಯಾವನೋ ಮುಖಂಡ ಇಡೀ ಓಣಿಯ ಶುಲ್ಕ ತಾನೇ ಕಟ್ಟಿ, ರಸೀದಿಗಳನ್ನು ತನ್ನ ಕಪಾಟಿನಲ್ಲಿ ಇಟ್ಟುಕೊಳ್ಳುತ್ತಾನೆ.

ಪದವೀಧರ ಕ್ಷೇತ್ರದ ಬಗ್ಗೆ ಕೇಳಿದ್ದು ಒಳ್ಳೆಯದಾಯಿತು. ನಾವೆಲ್ಲ ಈಶಾನ್ಯ ಪದವೀಧರ ಕ್ಷೇತ್ರದವರೇ. ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ ಪದವೀಧರರಿಗೆ 7, ಶಿಕ್ಷಕರಿಗೆ 7. ಆದರೆ ಪರಿಷತ್ತು ಸರ್ಕಾರವನ್ನು ಇಳಿಸಲಾರದು. ತೆರಿಗೆ, ಖರ್ಚಿನ ಹಣಕಾಸು ಮಸೂದೆಯನ್ನು 14 ದಿನಕ್ಕಿಂತ ಜಾಸ್ತಿ ತಡೆಹಿಡಿಯಲಾರದು. ಓದಿದವರ ವೋಟಿಗೆ ಒಂದು ಜಾಗ ಕೊಟ್ಟರೂ, ಜನರ ದುಡ್ಡಿನ ಮೇಲಿನ ಕೊನೆಯ ಮಾತನ್ನು ಸಂವಿಧಾನ ಎಲ್ಲರ ವೋಟಿನಿಂದ ಬಂದ ವಿಧಾನಸಭೆಗೇ ಬಿಟ್ಟಿತು.

ಪ್ರಶ್ನೆ: ನಾನು ಬಿ.ಎ. ಕೊನೆ ವರ್ಷ. ಮುಂದಿನ ಸಲ ಮೊದಲ ಬಾರಿಗೆ ವೋಟು ಹಾಕ್ತೀನಿ. ನನಗೆ ದುಡಿಮೆ ಇಲ್ಲ, ಅಮ್ಮ ಮನೆಯಲ್ಲೇ ಇರ್ತಾರೆ. ನಮ್ಮಜ್ಜ "ಹಿಂದೆ ಎಲ್ಲರಿಗೂ ವೋಟು ಇರಲೇ ಇಲ್ಲ, ಕಂದಾಯ ಕಟ್ಟೋರಿಗೆ ಮಾತ್ರ" ಅಂತಾರೆ. ನಿಜಾನಾ?
– ವಿದ್ಯಾರ್ಥಿನಿ, ಕೊಪ್ಪಳ

ಉತ್ತರ: ಬಳ್ಳಾರಿ ಮಟ್ಟಿಗೆ ಅಜ್ಜ ಹೇಳಿದ್ದು ಹೆಚ್ಚುಕಡಿಮೆ ನಿಜ ತಂಗಿ. ನಿಮ್ಮ ಕೊಪ್ಪಳದಲ್ಲಿ ಅಷ್ಟೂ ಇರಲಿಲ್ಲ.

ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಬ್ರಿಟಿಷರ 1935ರ ಭಾರತ ಸರ್ಕಾರ ಕಾಯ್ದೆಯಲ್ಲಿ ವೋಟು ಬೇಕೆಂದರೆ ತೆರಿಗೆ ಕಟ್ಟಬೇಕು, ಇಲ್ಲವೇ ಆಸ್ತಿ ಇರಬೇಕು, ಇಲ್ಲವೇ ಓದು ಇರಬೇಕು. ಹಕ್ಕು ಸಿಕ್ಕಿದ್ದು ಬ್ರಿಟಿಷ್ ಪ್ರಾಂತ್ಯಗಳೆಲ್ಲ ಸೇರಿ ಸುಮಾರು ಮೂರು ಕೋಟಿ ಜನರಿಗೆ. ಹೆಣ್ಣುಮಕ್ಕಳಲ್ಲಿ ಎಷ್ಟೋ ಜನ ಪಟ್ಟಿಗೆ ಬಂದಿದ್ದು ಗಂಡನ ಆಸ್ತಿ, ಗಂಡನ ತೆರಿಗೆಯ ಲೆಕ್ಕದಲ್ಲಿ. ಗಂಡನಿಗೆ ಏನೂ ಇಲ್ಲದಿದ್ದರೆ ಹೆಂಡತಿಗೂ ಇಲ್ಲ.

ಕೊಪ್ಪಳ, ರಾಯಚೂರು ಹೈದರಾಬಾದ್ ನಿಜಾಮರ ಸಂಸ್ಥಾನದಲ್ಲಿದ್ದವು. ಕೊಪ್ಪಳ ಅದರಲ್ಲೂ ಸಾಲಾರ್‌ಜಂಗ್ ಜಾಗೀರು. ಇಲ್ಲಿನ ರೈತರು ತಲೆಮಾರುಗಟ್ಟಲೆ ಕಂದಾಯ ಕಟ್ಟಿದರು, ಬರಗಾಲದಲ್ಲೂ ಕಟ್ಟಿದರು. ತಮ್ಮನ್ನು ಆಳುವವರನ್ನು ಆರಿಸುವ ಹಕ್ಕು ಮಾತ್ರ ಅವರಿಗೆ ಬರಲಿಲ್ಲ. 1948ರ ಸೆಪ್ಟೆಂಬರ್ 17ಕ್ಕೆ ಹೈದರಾಬಾದ್ ವಿಮೋಚನೆಯಾಯಿತು. 1950ರ ಜನವರಿ 26ಕ್ಕೆ ಸಂವಿಧಾನ ಜಾರಿಗೆ ಬಂತು. ಅದರ 326ನೇ ವಿಧಿ ವಯಸ್ಸೊಂದನ್ನೇ ಮುಖ್ಯ ಅರ್ಹತೆ ಮಾಡಿತು. ಆಗ 21 ವರ್ಷ, 61ನೇ ತಿದ್ದುಪಡಿಯ ನಂತರ 1989ರಿಂದ 18. ಅದಕ್ಕೇ ನಿನಗೆ ಈಗ ಹಕ್ಕು ಬಂದಿದೆ.

1951-52ರ ಮೊದಲ ಚುನಾವಣೆಯಲ್ಲಿ ಬಳ್ಳಾರಿಯವರು ಮದ್ರಾಸ್ ರಾಜ್ಯದ ಮತದಾರರಾಗಿ, ನಿಮ್ಮೂರಿನವರು ಹೈದರಾಬಾದ್ ರಾಜ್ಯದ ಮತದಾರರಾಗಿ ವೋಟು ಹಾಕಿದರು. ದೇಶದಲ್ಲಿ 17 ಕೋಟಿಗೂ ಹೆಚ್ಚು ಮತದಾರರು. ಜಾಗೀರಿನ ಜೀತದಾಳು, ಕೂಲಿ ಹೆಂಗಸು, ಸಾಹುಕಾರ ಎಲ್ಲರೂ ಒಂದೇ ಪಾಳಿಯಲ್ಲಿ. ಆಗ ಉತ್ತರ ಭಾರತದ ಕಡೆ ಎಷ್ಟೋ ಹೆಂಗಸರು ತಮ್ಮ ಹೆಸರು ಹೇಳದೆ ಇಂಥವನ ಹೆಂಡತಿ, ಇಂಥವನ ತಾಯಿ ಅಂತಷ್ಟೇ ಬರೆಸಿದ್ದರು. ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನ್ ಅದನ್ನು ಒಪ್ಪಲಿಲ್ಲ. ಸ್ವಂತ ಹೆಸರು ಕೊಡದ ಸುಮಾರು 28 ಲಕ್ಷ ನಮೂದುಗಳನ್ನು ಪಟ್ಟಿಯಿಂದ ತೆಗೆದರು. ನೋವಿನ ಸಂಗತಿ ಅದು. ಆದರೆ ಹೆಣ್ಣುಮಗಳು ತನ್ನ ಹೆಸರಿನಲ್ಲೇ ಮತದಾರಳಾಗಬೇಕು ಅನ್ನುವುದು ಆವತ್ತೇ ಗಟ್ಟಿಯಾಯಿತು.

ಈ ಹಕ್ಕಿಗಾಗಿ ಅಂಬೇಡ್ಕರ್ ಅವರು 1919ರಷ್ಟು ಹಿಂದೆಯೇ, ಯಾರಿಗೆ ವೋಟು ಕೊಡಬೇಕು ಅಂತ ನೋಡಲು ಬ್ರಿಟಿಷರು ನೇಮಿಸಿದ್ದ ಸೌತ್‌ಬರೋ ಸಮಿತಿಯ ಮುಂದೆ ವಾದಿಸಿದ್ದರು, ಮತದಾನಕ್ಕೆ ಇಟ್ಟ ಆಸ್ತಿಯ ಮಟ್ಟ ಇಳಿಸಿ ಅಂತ. 1928ರ ಹೊತ್ತಿಗೆ ವಯಸ್ಕರೆಲ್ಲರಿಗೂ ಕೊಡಿ ಅಂತ ಸೈಮನ್ ಆಯೋಗದ ಮುಂದೆ ಕೇಳಿದರು. ಆಸ್ತಿ ಇಲ್ಲದವರಿಗೆ ವೋಟೂ ಇಲ್ಲದಿದ್ದರೆ ಅವರು ಮುಂದೆಂದೂ ಮೇಲೇಳುವುದಿಲ್ಲ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ನಿಮ್ಮ ಅಮ್ಮ ಮನೆಯಲ್ಲೇ ಇರ್ತಾರೆ ಅಂದೆಯಲ್ಲ, ಅವರು ಬೆಳಗ್ಗೆಯಿಂದ ರಾತ್ರಿವರೆಗೆ ಮಾಡುವ ಕೆಲಸಕ್ಕೆ ಯಾರೂ ಪಗಾರ ಕೊಡುವುದಿಲ್ಲ, ಅದಕ್ಕೇ ತೆರಿಗೆಯೂ ಇಲ್ಲ. ಅವರನ್ನು ಜೊತೆಗೆ ಕರೆದುಕೊಂಡೇ ಮತಗಟ್ಟೆಗೆ ಹೋಗು.

ಪ್ರಶ್ನೆ: ಬಡವರೇ ವೋಟು ಮಾರಿಕೊಳ್ಳೋದು. ಕಣ್ಣಾರೆ ನೋಡಿದ್ದೀನಿ. ಐನೂರು, ಸಾವಿರಕ್ಕೆ ಮಾರುವವರಿಗೆ ಆ ಹಕ್ಕು ಯಾಕೆ ಸರ್?
– ಓದುಗರು, ಕಂಪ್ಲಿ

ಉತ್ತರ: ಮಾರುವವರಿದ್ದಾರೆ, ನಿಜ. ಆದರೆ ಕೊಳ್ಳುವವನು ಯಾರು? ಅವನಿಗೆ ಪ್ಯಾನ್ ಕಾರ್ಡ್ ಇರುತ್ತದೆ, ರಿಟರ್ನ್ ಸಲ್ಲಿಸಿರುತ್ತಾನೆ. ನಿಮ್ಮ ನಿಯಮ ಬಂದರೆ ಕೊಳ್ಳುವವನ ಹಕ್ಕು ಉಳಿಯುತ್ತದೆ, ಮಾರುವವನದ್ದು ಮಾತ್ರ ಹೋಗುತ್ತದೆ. ಕಾನೂನಿನಲ್ಲಿ ಕೊಟ್ಟವರೂ ತಗೊಂಡವರೂ ಇಬ್ಬರೂ ಅಪರಾಧಿಗಳು. ಇನ್ನೊಮ್ಮೆ ಕಣ್ಣಿಗೆ ಬಿದ್ದರೆ ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪ್‌ನಲ್ಲಿ ಫೋಟೊ, ವಿಡಿಯೊ ಹಾಕಿ.

ಇನ್ನೊಂದು ಕಡೆಯೂ ನೋಡಿ. 2024ರ ಮೇ 7, ನಮ್ಮ ಮೂರೂ ಜಿಲ್ಲೆಗಳಲ್ಲಿ ಲೋಕಸಭೆಗೆ ಮತದಾನ. ಮೇ ತಿಂಗಳ ನಮ್ಮ ಬಿಸಿಲು ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ಮಸ್ಕಿ, ದೇವದುರ್ಗ, ಯಲಬುರ್ಗಾ ಕಡೆಯಿಂದ ಬೆಂಗಳೂರಿಗೆ ಗುಳೆ ಹೋದವರು ಚುನಾವಣೆ ಬಂದರೆ ಎರಡು ದಿನದ ಕೂಲಿ ಬಿಟ್ಟು, ರಾತ್ರಿ ಬಸ್ಸಿನಲ್ಲಿ ಮಕ್ಕಳನ್ನು ತೊಡೆ ಮೇಲೆ ಕೂಡಿಸಿಕೊಂಡು ಊರಿಗೆ ಬರುತ್ತಾರೆ. ರೊಕ್ಕ ಇಸಕೊಂಡು ಬಂದವರು ಇರಬಹುದು, ಕೈಯಿಂದ ಹಾಕಿಕೊಂಡು ಬಂದವರೂ ಇದ್ದಾರೆ. ವೋಟು ಇರುವುದಕ್ಕೇ ಐದು ವರ್ಷಕ್ಕೊಮ್ಮೆಯಾದರೂ ಅವರ ಮನೆ ಬಾಗಿಲಿಗೆ ದೊಡ್ಡವರು ಬಂದು ಕೈಮುಗಿಯುತ್ತಾರೆ. ಅದನ್ನೂ ತೆಗೆದರೆ ತಾಂಡಾದ ದಾರಿಗೆ ಟಾರು, ಹಳ್ಳಿಗೆ ಬಸ್ಸು ಕೇಳಲು ಅವರ ಕೈಯಲ್ಲಿ ಏನು ಉಳಿಯುತ್ತದೆ?

ಪ್ರಶ್ನೆ: ನಮ್ಮ ತಾಂಡಾದಲ್ಲಿ ಮನೆ ತೆರಿಗೆ ಎರಡು ವರ್ಷದಿಂದ ಬಾಕಿ ಇದೆ. "ತೆರಿಗೆ ಕಟ್ಟದಿದ್ದರೆ ವೋಟರ್ ಲಿಸ್ಟಿನಿಂದ ಹೆಸರು ಹೋಗುತ್ತೆ" ಅಂತ ವಸೂಲಿಗೆ ಬಂದವರೊಬ್ಬರು ಹೆದರಿಸಿದರು. ಈಗ ನೋಡಿದರೆ ನನ್ನ ಹೆಸರು ಪಟ್ಟಿಯಲ್ಲಿ ನಿಜವಾಗಿಯೂ ಇಲ್ಲ. ಬಾಕಿ ಕಟ್ಟಿದರೆ ವಾಪಸ್ ಬರುತ್ತಾ?
– ಕೂಲಿ ಕೆಲಸದವರು, ದೇವದುರ್ಗ ತಾಲ್ಲೂಕು

ಉತ್ತರ: ಅಣ್ಣಾ, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಮನೆ ತೆರಿಗೆ ಬಾಕಿ ಇದ್ದರೆ ಪಂಚಾಯಿತಿ ಕಾನೂನು ಪ್ರಕಾರ ವಸೂಲಿ ಮಾಡಬಹುದು, ನೀವೂ ಕೂಡಿದಾಗ ಕಟ್ಟಿ. ಮತದಾರರ ಪಟ್ಟಿಯಿಂದ ಹೆಸರು ತೆಗೆಯುವ ಅಧಿಕಾರ ಪಂಚಾಯಿತಿಗೂ ಇಲ್ಲ, ವಸೂಲಿಗೆ ಬಂದವರಿಗೂ ಇಲ್ಲ. 1950ರ ಪ್ರಜಾಪ್ರತಿನಿಧಿ ಕಾಯ್ದೆಯ 16ನೇ ಸೆಕ್ಷನ್ ಯಾರ ಹೆಸರು ಪಟ್ಟಿಯಲ್ಲಿ ಇರಬಾರದು ಅಂತ ಹೇಳುತ್ತದೆ: ಭಾರತದ ಪ್ರಜೆ ಅಲ್ಲದವರು, ಬುದ್ಧಿ ಸ್ವಾಧೀನದಲ್ಲಿಲ್ಲ ಅಂತ ಕೋರ್ಟ್ ಹೇಳಿದವರು, ಚುನಾವಣಾ ಅಕ್ರಮದಲ್ಲಿ ಅನರ್ಹರಾದವರು. ತೆರಿಗೆಯ ಸುದ್ದಿಯೇ ಅದರಲ್ಲಿ ಇಲ್ಲ.

ನಿಮ್ಮ ಹೆಸರು ಹೋಗಿದ್ದಕ್ಕೆ ಬೇರೆ ಕಾರಣ ಇರಬೇಕು. ಗುಳೆ ಹೋದಾಗ ಮನೆಗೆ ಬೀಗ ಇದ್ದದ್ದು ನೋಡಿ ಊರು ಬಿಟ್ಟಿದ್ದಾರೆ ಅಂತ ಬರೆದುಕೊಂಡಿರಬಹುದು. ಮೊದಲು ನಿಮ್ಮ ಮತಗಟ್ಟೆಯ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಹತ್ತಿರ ಹೋಗಿ. ಸಾಮಾನ್ಯವಾಗಿ ಅಂಗನವಾಡಿ ಕಾರ್ಯಕರ್ತೆಯೋ ಶಾಲೆಯ ಮೇಷ್ಟ್ರೋ ಆಗಿರುತ್ತಾರೆ, ಊರಲ್ಲಿ ಕೇಳಿದರೆ ಹೇಳುತ್ತಾರೆ. ಫಾರ್ಮ್ 6 ತುಂಬಿ ಕೊಡಿ. ಒಂದು ಫೋಟೊ, ವಯಸ್ಸಿನ ದಾಖಲೆ, ವಿಳಾಸದ ದಾಖಲೆ ಸಾಕು. ಶುಲ್ಕ ಏನೂ ಇಲ್ಲ, ಯಾರಾದರೂ ರೊಕ್ಕ ಕೇಳಿದರೆ ಕೊಡಬೇಡಿ. ಕೊಟ್ಟ ಅರ್ಜಿಗೆ ಸ್ವೀಕೃತಿ ಚೀಟಿ ಇಸಕೊಳ್ಳುವುದನ್ನು ಮರೆಯಬೇಡಿ. ಓದು ಬರೆಹ ಬರುವ ಹುಡುಗರು ಮನೆಯಲ್ಲಿದ್ದರೆ ಫೋನಿನಲ್ಲೂ ಹಾಕಬಹುದು. ಅನುಮಾನ ಇದ್ದರೆ 1950 ನಂಬರಿಗೆ ಫೋನ್ ಮಾಡಿ.

ಅರ್ಜಿ ತಿರಸ್ಕಾರವಾದರೆ ಆದೇಶ ಬಂದ 15 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಕೊಡಬಹುದು. ಅಲ್ಲೂ ಆಗದಿದ್ದರೆ 30 ದಿನದೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ. ನಿಮ್ಮ ತಾಂಡಾದಲ್ಲಿ ಇನ್ನೂ ಯಾರ್ಯಾರ ಹೆಸರು ಹೋಗಿದೆ ಅಂತಲೂ ಈಗಲೇ ನೋಡಿಸಿ, ಎಲ್ಲರೂ ಒಟ್ಟಿಗೇ ಹೋಗಿ ಅರ್ಜಿ ಕೊಡಿ. ಚುನಾವಣೆ ಘೋಷಣೆಯಾಗುವ ತನಕ ಕಾಯಬೇಡಿ.